ಮಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ

ಮಂಗಳೂರಿನ ಈಶಾನ್ಯಕ್ಕೆ ಸುಮಾರು 13 ಕಿ.ಮೀ. ದೂರದ ಬಜ್ಪೆ–ಕೆಂಜಾರು ಗುಡ್ಡದ ಮೇಲಿರುವ ನಿಲ್ದಾಣ. ಜನರ ಬಾಯಲ್ಲಿ ಇಂದಿಗೂ ‘ಬಜ್ಪೆ’. ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತಾಡುವ ನಗರದವರಷ್ಟೇ ಅಲ್ಲದೆ ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರೂ ವಿದೇಶ ಪಯಣಕ್ಕೆ ಇದನ್ನು ಬಳಸುತ್ತಾರೆ.

ಆರಂಭ: 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಿಸಿ–3 ವಿಮಾನದಲ್ಲಿ ಬಂದಿಳಿದಾಗ ನಿಲ್ದಾಣ ಆರಂಭವಾಯಿತು. ಹಳೆಯ ರನ್‌ವೇ 1,615 ಮೀಟರ್ ಉದ್ದದ್ದು. 1981ರ ಆಗಸ್ಟ್‌ನಲ್ಲಿ ಆವ್ರೋ ವಿಮಾನವೊಂದು ಅದರ ತುದಿ ದಾಟಿ ಜಾರಿತು; ಸಾವು ಸಂಭವಿಸಲಿಲ್ಲ.

‘ಅಂತರರಾಷ್ಟ್ರೀಯ’ ಆದದ್ದು ಯಾವಾಗ: ಕೆಲವೆಡೆ 2006 ಎಂದೂ ಕೆಲವೆಡೆ 2012 ಎಂದೂ ಕಾಣುತ್ತದೆ. ಎರಡೂ ಸರಿ, ಅರ್ಥ ಮಾತ್ರ ಬೇರೆ. 2,450 ಮೀಟರ್‌ನ ಕಾಂಕ್ರೀಟ್ ರನ್‌ವೇ 2006ರ ಮೇ ತಿಂಗಳಲ್ಲಿ ಬಳಕೆಗೆ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ಹಾರಾಟ ಆರಂಭಿಸಿತು. ಆಗ ಇದಕ್ಕಿದ್ದದ್ದು ಕಸ್ಟಮ್ಸ್ ನಿಲ್ದಾಣದ ಸ್ಥಾನಮಾನ. ಅಂತರರಾಷ್ಟ್ರೀಯ ಎಂಬ ಅಧಿಕೃತ ಘೋಷಣೆ 2012ರ ಅಕ್ಟೋಬರ್‌ನದು. ಗಲ್ಫ್‌ನಲ್ಲಿ ದುಡಿಯುವ ಭಟ್ಕಳದ ನವಾಯತ ಸಮುದಾಯದವರಿಗೆ ಮುಖ್ಯವಾದದ್ದು ಮೊದಲನೆಯ ವರ್ಷ. ಅದಕ್ಕೂ ಮೊದಲು ಮುಂಬೈಯಂಥ ದೂರದ ಊರಿಗೆ ಹೋಗಿಯೇ ವಿಮಾನ ಹತ್ತಬೇಕಿತ್ತು.

2010ರ ದುರಂತ: ಕೆಂಜಾರಿನ ಹೊಸ ಟರ್ಮಿನಲ್ ಉದ್ಘಾಟನೆಯಾಗಿ ಒಂದೇ ವಾರಕ್ಕೆ, ಮೇ 22ರ ಬೆಳಿಗ್ಗೆ, ದುಬೈಯಿಂದ ಬಂದ ಬೋಯಿಂಗ್ 737 ರನ್‌ವೇ ದಾಟಿ ಕಮರಿಗೆ ಉರುಳಿ ಹೊತ್ತಿ ಉರಿಯಿತು. 166 ಮಂದಿಯಲ್ಲಿ 158 ಮಂದಿ ಸತ್ತರು, 8 ಮಂದಿ ಬದುಕಿದರು. ಗುಡ್ಡದ ನೆತ್ತಿಯ ರನ್‌ವೇ ಗಿಡ್ಡವಾದದ್ದೇ ಕಾರಣ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ತನಿಖಾ ವರದಿ ಹೇಳುವುದು ಬೇರೆ: ಸುಮಾರು 8,000 ಅಡಿಯ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟಿದ್ದು ಆರಂಭದಿಂದ ಸುಮಾರು 5,200 ಅಡಿ ಆಚೆ. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವಂತೆ ಸಹಪೈಲಟ್ ಮೂರು ಸಲ ಹೇಳಿದರೂ ಮುಖ್ಯ ಪೈಲಟ್ ಇಳಿಸಿದ್ದೇ ನೇರ ಕಾರಣ.

ಈಚಿನ ವರ್ಷಗಳು: 2020ರ ಅಕ್ಟೋಬರ್ 31ರಿಂದ ನಿರ್ವಹಣೆ ಅದಾನಿ ಸಮೂಹದ್ದು. 2023ರಲ್ಲಿ ರನ್‌ವೇಗೆ ಹೊಸ ಮೇಲ್ಪದರ ಹಾಕಲಾಯಿತು.

ಉತ್ತರ ಕನ್ನಡದ ನಂಟು: ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಸಾಗಿದಷ್ಟೂ ಬಜ್ಪೆಯ ಸೆಳೆತ ಸಡಿಲಾಗುತ್ತದೆ. ಭಟ್ಕಳಕ್ಕೆ ಇದೇ ಹತ್ತಿರ. ಕುಮಟಾದವರಿಗೆ ಗೋವೆಯ ದಾಬೋಲಿಮ್ ಕೂಡ ಎಟಕುತ್ತದೆ. ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಯ ನಿಲ್ದಾಣದೊಂದಿಗೆ ನಾಗರಿಕ ಟರ್ಮಿನಲ್ ನಿರ್ಮಿಸುವ ಯೋಜನೆಯಿದೆ.