ಅಳಿಸಿ ಮತ್ತೆ ಬರೆದ ಬೋರ್ಡು: ನ್ಯೂಜಿಲೆಂಡಿನ ಒಂದು ಅಂಗಡಿ ಹೆಸರಿನ ಚರಿತ್ರೆ

2023ರ ಜುಲೈನಲ್ಲಿ ನ್ಯೂಜಿಲೆಂಡಿನ ಕೌಂಟ್‌ಡೌನ್ ಸೂಪರ್‌ಮಾರ್ಕೆಟ್‌ಗಳು ಇನ್ನು ಮುಂದೆ ವೂಲ್‌ವರ್ತ್ಸ್ ಎಂಬ ಹೆಸರಿನಲ್ಲಿ ನಡೆಯಲಿವೆ ಎಂದು ಅವುಗಳ ಒಡೆಯರಾದ ಕಂಪನಿ ಪ್ರಕಟಿಸಿತು. ದೇಶದ ಜನಸಂಖ್ಯೆ 50 ಲಕ್ಷಕ್ಕೆ ತುಸು ಹೆಚ್ಚು. ಕೌಂಟ್‌ಡೌನ್ ಹೆಸರಿನ ಅಂಗಡಿಗಳು ಆಗ ಸುಮಾರು 185. ಊರೂರಿನ ಮುಖ್ಯರಸ್ತೆಯಲ್ಲಿದ್ದ ಹೆಸರು ಹೋಗುತ್ತದೆಂದ ಮೇಲೆ ಜನ ಸುಮ್ಮನಿರಲಿಲ್ಲ. ಇದರಲ್ಲಿ ಇನ್ನೊಂದು ವಿಶೇಷವಿತ್ತು. ಬರಲಿದ್ದ ಹೆಸರು ಹೊಸದೇನೂ ಆಗಿರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಇದೇ ಕಂಪನಿ ವೂಲ್‌ವರ್ತ್ಸ್ ಬೋರ್ಡುಗಳನ್ನು ಕೆಳಗಿಳಿಸಿ ಕೌಂಟ್‌ಡೌನ್ ಬೋರ್ಡುಗಳನ್ನು ಏರಿಸಲು ಹೊರಟಿತ್ತು.

ವೂಲ್‌ವರ್ತ್ಸ್ ಎಂಬ ಹೆಸರಿನ ಮೂಲ ಅಮೆರಿಕದ್ದು. ಐದು–ಹತ್ತು ಸೆಂಟಿನ ಅಗ್ಗದ ಸಾಮಾನುಗಳ ಅಂಗಡಿ ತೆರೆದು 1879ರಲ್ಲಿ ವ್ಯಾಪಾರ ಕಟ್ಟಿದ ಎಫ್. ಡಬ್ಲ್ಯೂ. ವೂಲ್‌ವರ್ತ್ ಅವರ ಮನೆತನದ ಹೆಸರು ಅದು. ಆಸ್ಟ್ರೇಲಿಯಾದ ವೂಲ್‌ವರ್ತ್ಸ್‌ಗೂ ಆ ಕಂಪನಿಗೂ ಸಂಬಂಧವಿಲ್ಲ. 1924ರ ಡಿಸೆಂಬರಿನಲ್ಲಿ ಸಿಡ್ನಿಯ ಇಂಪೀರಿಯಲ್ ಆರ್ಕೇಡಿನ ನೆಲಮಾಳಿಗೆಯಲ್ಲಿ ಪರ್ಸಿ ಕ್ರಿಸ್ಮಸ್ ಮತ್ತು ಅವರ ಜೊತೆಗಾರರು ಅಗ್ಗದ ಸಾಮಾನಿನ ಅಂಗಡಿಯೊಂದನ್ನು ತೆರೆದರು. ಮೊದಲು ಅವರು ಯೋಚಿಸಿದ್ದ ಹೆಸರು ವಾಲ್‌ವರ್ತ್ಸ್ ಬಜಾರ್. ಅಮೆರಿಕದ ಪ್ರಸಿದ್ಧ ಹೆಸರನ್ನು ನೆನಪಿಗೆ ತರುವ ಪದಚಮತ್ಕಾರ. ಮೂಲ ಹೆಸರನ್ನು ಅಲ್ಲಿ ಯಾರೂ ನೋಂದಾಯಿಸಿಲ್ಲವೆಂದು ತಿಳಿದಾಗ ಅದನ್ನೇ ತಮ್ಮದಾಗಿಸಿಕೊಂಡರು.

ಆ ಹೆಸರು ಟಾಸ್ಮನ್ ಸಮುದ್ರ ದಾಟಿ 1929ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್‌ಗೆ ಬಂತು. ಆಗ ಆ ಹೆಸರಿನ ಅಂಗಡಿಯಲ್ಲಿ ದಿನಸಿ ಸಿಗುತ್ತಿರಲಿಲ್ಲ. ಬಟ್ಟಲು, ಬಾಚಣಿಗೆ, ಗುಂಡಿ, ಆಟಿಕೆ, ಮಿಠಾಯಿ ಮುಂತಾದ ಚಿಲ್ಲರೆ ಸಾಮಾನುಗಳು ಒಂದೇ ಸೂರಿನಡಿ ದೊರೆಯುತ್ತಿದ್ದವು. ಮಕ್ಕಳು ಕೈಯಲ್ಲಿ ಕಾಸು ಹಿಡಿದು ಹೋಗಬಹುದಾಗಿದ್ದ ಅಂಗಡಿ ಅದು. ಸೂಪರ್‌ಮಾರ್ಕೆಟ್ ವ್ಯಾಪಾರಕ್ಕೆ ವೂಲ್‌ವರ್ತ್ಸ್ ಇಳಿದದ್ದು ಬಹಳ ತಡವಾಗಿ. ಮುಂದೆ ಹಳೆಯ ಚಿಲ್ಲರೆ ಸಾಮಾನಿನ ಅಂಗಡಿಗಳು ಬೇರೆಯಾಗಿ, ಮೆಕೆಂಜೀಸ್ ಎಂಬ ಇನ್ನೊಂದು ಸರಣಿಯೊಡನೆ ಸೇರಿ ಡೆಕಾ ಎಂಬ ಹೆಸರು ಹೊತ್ತವು. ಡೆಕಾ 2001ರಲ್ಲಿ ಬಾಗಿಲು ಹಾಕಿತು. ಆದರೆ ಹಂಟ್ಲಿ ಎಂಬ ಸಣ್ಣ ಊರಿನಲ್ಲಿ ಅದರ ದೊಡ್ಡ ಬೋರ್ಡು ಅಂಗಡಿ ಮುಚ್ಚಿದ ಮೇಲೂ ನಿಂತೇ ಇತ್ತು. ಊರಿನವರು ಅದನ್ನು ತಮ್ಮ ಗುರುತಾಗಿ ಕಂಡರು. ಒಳಗೆ ಮಾರುವ ಸರಕೇ ಇಲ್ಲದಿದ್ದರೂ ಒಂದು ಹೆಸರು ಊರಿನ ಸ್ವತ್ತಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ.

ಸೂಪರ್‌ಮಾರ್ಕೆಟ್ ಎಂಬುದನ್ನು ನ್ಯೂಜಿಲೆಂಡಿಗೆ ಪರಿಚಯಿಸಿದ ಕೀರ್ತಿ ಸಾಮಾನ್ಯವಾಗಿ ಫುಡ್‌ಟೌನ್‌ಗೆ ಸಲ್ಲುತ್ತದೆ. ಗಿರಾಕಿ ಕೌಂಟರಿನ ಈಚೆ ನಿಂತು ಪಟ್ಟಿ ಓದುವುದು, ಅಂಗಡಿಯವನು ಆಚೆಯಿಂದ ಒಂದೊಂದನ್ನೇ ತೂಗಿ ಪೊಟ್ಟಣ ಕಟ್ಟುವುದು ಅಲ್ಲಿಯೂ ಬಹುಕಾಲ ನಡೆದ ಪದ್ಧತಿ. 1958ರಲ್ಲಿ ಆಕ್ಲೆಂಡಿನ ದಕ್ಷಿಣದ ಓಟಾಹುಹುವಿನಲ್ಲಿ ಟಾಮ್ ಆ ಚೀ ಎಂಬ ಹಣ್ಣು–ತರಕಾರಿ ವ್ಯಾಪಾರಿ ತನ್ನ ಪಾಲುದಾರರೊಡನೆ ಅಮೆರಿಕದ ಮಾದರಿಯ ದೊಡ್ಡ ಅಂಗಡಿ ತೆರೆದರು. ಮುಂದೆ ಕಾರು ನಿಲ್ಲಿಸಲು ವಿಶಾಲ ಜಾಗ, ಒಳಗೆ ಸಾಲುಸಾಲು ಕಪಾಟು, ತಳ್ಳುವ ಗಾಡಿ, ಕೊನೆಯಲ್ಲಿ ಹಣ ಕಟ್ಟುವ ಕಟ್ಟೆ. ಆ ಚೀ ಅವರದು ಚೀನೀ ಮೂಲದ ಕುಟುಂಬ. 1881ರಿಂದ ಚೀನೀಯರು ದೇಶದೊಳಗೆ ಬರಬೇಕಾದರೆ ತಲೆಗಂದಾಯ ತೆರಬೇಕಿತ್ತು. ಅದು ಕಾನೂನಿನಿಂದ ಅಳಿದದ್ದು 1944ರಲ್ಲಿ. ಸರ್ಕಾರ ಅದಕ್ಕಾಗಿ ಕ್ಷಮೆ ಕೇಳಿದ್ದು 2002ರಲ್ಲಿ. ಕಾನೂನು ಅಳಿದ ಹದಿನಾಲ್ಕೇ ವರ್ಷದಲ್ಲಿ ಆ ಸಮುದಾಯದ ಒಬ್ಬ ವ್ಯಾಪಾರಿ ಇಡೀ ದೇಶ ದಿನಸಿ ಕೊಳ್ಳುವ ರೀತಿಯನ್ನೇ ಬದಲಿಸಿದ್ದು ಸಣ್ಣ ಮಾತಲ್ಲ. ಫುಡ್‌ಟೌನ್ ಬಗ್ಗೆ ಆಕ್ಲೆಂಡಿನವರಿಗೆ ಇದ್ದ ಅಭಿಮಾನದ ಬೇರು ಇಲ್ಲಿದೆ.

ಮೂರನೆಯ ಹೆಸರು ಕೌಂಟ್‌ಡೌನ್ ದಕ್ಷಿಣ ದ್ವೀಪದ್ದು. 1981ರಲ್ಲಿ ಕ್ರೈಸ್ಟ್‌ಚರ್ಚಿನ ನಾರ್ತ್‌ಲ್ಯಾಂಡ್ಸ್‌ನಲ್ಲಿ ಅದರ ಮೊದಲ ಅಂಗಡಿ ತೆರೆಯಿತು. ರಾಕೆಟ್ ಹಾರಿಸುವ ಮುನ್ನ ಹತ್ತರಿಂದ ಸೊನ್ನೆಗೆ ಇಳಿಯುವ ಎಣಿಕೆಯ ಆ ಪದ ಇಳಿಯುವ ಬೆಲೆಯನ್ನೂ ಸೂಚಿಸುತ್ತಿತ್ತು. ಅಲಂಕಾರ ಕಡಿಮೆ, ಗೋದಾಮಿನಂಥ ಒಳಾಂಗಣ, ಅಗ್ಗದ ದರ: ಇದು ಅದರ ವ್ಯಾಪಾರದ ದಾರಿ. ಹೀಗೆ ಮೂರು ಹೆಸರುಗಳಿಗೆ ಮೂರು ಗುಣಗಳು ಅಂಟಿಕೊಂಡಿದ್ದವು. ಕೊಳ್ಳುವವರೂ ತಮ್ಮ ಜೇಬು, ತಮ್ಮ ಬಡಾವಣೆ, ತಮ್ಮ ರೂಢಿಗೆ ತಕ್ಕಂತೆ ಒಂದನ್ನು ಆರಿಸಿಕೊಂಡಿದ್ದರು.

ಬೋರ್ಡುಗಳು ಮೂರಾದರೂ ಅವುಗಳ ಹಿಂದಿನ ಒಡೆತನ ಕ್ರಮೇಣ ಒಂದಾಯಿತು. ಫುಡ್‌ಟೌನ್, ಕೌಂಟ್‌ಡೌನ್ ಎರಡೂ ಪ್ರೋಗ್ರೆಸಿವ್ ಎಂಟರ್‌ಪ್ರೈಸಸ್ ಕಂಪನಿಯ ಕೈಸೇರಿದವು. 2002ರಲ್ಲಿ ಅದೇ ಕಂಪನಿ ನ್ಯೂಜಿಲೆಂಡಿನ ವೂಲ್‌ವರ್ತ್ಸ್ ಸೂಪರ್‌ಮಾರ್ಕೆಟ್‌ಗಳನ್ನೂ ಕೊಂಡಿತು. 2005ರಲ್ಲಿ ಪ್ರೋಗ್ರೆಸಿವ್ ಕಂಪನಿಯನ್ನೇ ಆಸ್ಟ್ರೇಲಿಯಾದ ವೂಲ್‌ವರ್ತ್ಸ್ ಕೊಂಡುಕೊಂಡಿತು. ಎದುರಾಳಿಯಾಗಿ ಉಳಿದದ್ದು ಫುಡ್‌ಸ್ಟಫ್ಸ್ ಎಂಬ ಸಹಕಾರಿ ಬಳಗ; ನ್ಯೂ ವರ್ಲ್ಡ್, ಪಾಕ್ ಎನ್ ಸೇವ್, ಫೋರ್ ಸ್ಕ್ವೇರ್ ಅದರ ಅಂಗಡಿಗಳು. ದೇಶದ ದಿನಸಿ ವ್ಯಾಪಾರದ ಬಹುಪಾಲು ಈ ಎರಡು ಬಣಗಳ ನಡುವೆ ಹಂಚಿಹೋಯಿತು. ಮುಂದೆ ಹೆಸರಿನ ವಿಚಾರಕ್ಕೆ ಎದ್ದ ಪ್ರತಿ ಮಾತಿನ ಹಿಂದೆಯೂ ಈ ಹಂಚಿಕೆಯ ನೆರಳಿದೆ.

2009ರಲ್ಲಿ ಕಂಪನಿ ಮೂರು ಹೆಸರುಗಳ ಬದಲು ಒಂದೇ ಹೆಸರು ಸಾಕೆಂದು ನಿರ್ಧರಿಸಿತು. ಒಂದೇ ಜಾಹೀರಾತು, ಒಂದೇ ದರಪಟ್ಟಿ, ಒಂದೇ ಬಗೆಯ ಚೀಲ, ಲೆಕ್ಕ ಸರಳವಾಗಿತ್ತು. ಆರಿಸಿದ ಹೆಸರು ಕೌಂಟ್‌ಡೌನ್. ಮುಂದಿನ ಎರಡು–ಮೂರು ವರ್ಷಗಳಲ್ಲಿ ಫುಡ್‌ಟೌನ್, ವೂಲ್‌ವರ್ತ್ಸ್ ಬೋರ್ಡುಗಳು ಒಂದೊಂದಾಗಿ ಇಳಿದು ಹಸಿರು ಬಣ್ಣದ ಕೌಂಟ್‌ಡೌನ್ ಬಂತು. ಓಟಾಹುಹುವಿನಲ್ಲಿ ಅರ್ಧ ಶತಮಾನದ ಹಿಂದೆ ಹುಟ್ಟಿದ ಹೆಸರು ಹೀಗೆ ಮರೆಯಾದದ್ದು ಹಲವರಿಗೆ ನೋವುಂಟುಮಾಡಿತು. ಇಷ್ಟಾದರೂ ದೊಡ್ಡ ಗದ್ದಲವೇಳಲಿಲ್ಲ. ಬಂದ ಹೆಸರೂ ನ್ಯೂಜಿಲೆಂಡಿನಲ್ಲೇ ಹುಟ್ಟಿದ್ದು, ಅಗ್ಗದ ದರಕ್ಕೆ ಹೆಸರಾದದ್ದು ಎಂಬುದು ಇದಕ್ಕೆ ಒಂದು ಕಾರಣವಿರಬೇಕು. ಹಳಬರ ಬಾಯಲ್ಲಿ ಮಾತ್ರ ಫುಡ್‌ಟೌನ್ ಬಹಳ ದಿನ ಫುಡ್‌ಟೌನ್ ಆಗಿಯೇ ಉಳಿಯಿತು.

ಇಂಥ ಬದಲಾವಣೆ ಒಡೆಯ ಕಂಪನಿ ವೂಲ್‌ವರ್ತ್ಸ್‌ಗೆ ಹೊಸದಲ್ಲ. ಆಸ್ಟ್ರೇಲಿಯಾದಲ್ಲಿ 1985ರಲ್ಲಿ ಸೇಫ್‌ವೇ ಅಂಗಡಿಗಳನ್ನು ಕೊಂಡ ಮೇಲೂ ವಿಕ್ಟೋರಿಯಾ ರಾಜ್ಯದಲ್ಲಿ ಆ ಹೆಸರನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಉಳಿಸಿಕೊಂಡು, 2008ರಿಂದ ಬದಲಿಸತೊಡಗಿತು. ಟಾಸ್ಮೇನಿಯಾದಲ್ಲಿ ರೋಲ್ಫ್ ವಾಸ್, ಪ್ಯೂರಿಟಿ ಎಂಬ ಸ್ಥಳೀಯ ಹೆಸರುಗಳಿಗೂ ಇದೇ ಗತಿಯಾಗಿತ್ತು. ಊರ ಹೆಸರನ್ನು ಕೊಂಡುಕೊಳ್ಳುವುದು, ಅದರ ಮೇಲಿನ ವಿಶ್ವಾಸ ಕರಗದಂತೆ ಕೆಲಕಾಲ ಕಾಯುವುದು, ಆಮೇಲೆ ತನ್ನ ಹೆಸರು ಏರಿಸುವುದು: ಇದು ಆ ವ್ಯಾಪಾರದ ಪಳಗಿದ ಕ್ರಮ.

ನ್ಯೂಜಿಲೆಂಡಿನಲ್ಲಿ ಕೌಂಟ್‌ಡೌನ್ ಆಸ್ಟ್ರೇಲಿಯಾದವರ ಸ್ವತ್ತು ಎಂಬುದು ಎಲ್ಲರಿಗೂ ಗೊತ್ತಿದ್ದರೂ ಹೆಸರಿನಲ್ಲಿ ಅದು ಕಾಣುತ್ತಿರಲಿಲ್ಲ. 2014ರ ಫೆಬ್ರವರಿಯಲ್ಲಿ ಅದು ಮುನ್ನೆಲೆಗೆ ಬಂತು. ಕೌಂಟ್‌ಡೌನ್ ತನಗೆ ಸರಕು ಪೂರೈಸುವವರಿಂದ ಹಿಂದಿನ ಅವಧಿಯ ಲೆಕ್ಕಕ್ಕೂ ಹಣ ಕೇಳುತ್ತಿದೆ ಎಂದು ಲೇಬರ್ ಪಕ್ಷದ ಸಂಸದ ಶೇನ್ ಜೋನ್ಸ್ ಸಂಸತ್ತಿನಲ್ಲಿ ಆರೋಪಿಸಿದರು. ಸರಿಸುಮಾರು ಅದೇ ಹೊತ್ತಿಗೆ ಆಸ್ಟ್ರೇಲಿಯಾದ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಸ್ವದೇಶಿ ಸರಕಿನ ಅಭಿಯಾನದ ಭಾಗವಾಗಿ ತಮ್ಮ ಸ್ವಂತ ಬ್ರ್ಯಾಂಡಿನ ಸಾಮಾನುಗಳಿಂದ ನ್ಯೂಜಿಲೆಂಡಿನ ಸರಕನ್ನು ಹೊರಗಿಡುತ್ತಿವೆ ಎಂಬ ಸುದ್ದಿ ರೈತರನ್ನೂ ಗಿರಾಕಿಗಳನ್ನೂ ಕೆರಳಿಸಿತ್ತು. ಕೌಂಟ್‌ಡೌನ್ ಅನ್ನು ಬಹಿಷ್ಕರಿಸಿ ಎಂಬ ಕರೆಗಳೆದ್ದವು. ಆರೋಪದ ತನಿಖೆ ನಡೆಸಿದ ವಾಣಿಜ್ಯ ಆಯೋಗ ಅದೇ ವರ್ಷ ನವೆಂಬರಿನಲ್ಲಿ ಕಾನೂನು ಮುರಿದದ್ದಕ್ಕೆ ಪುರಾವೆಯಿಲ್ಲ ಎಂದು ಹೇಳಿತು. ಆದರೂ ಲಾಭ ಸಮುದ್ರದಾಚೆ ಹೋಗುತ್ತಿದೆ ಎಂಬ ಅಸಮಾಧಾನ ಉಳಿದುಕೊಂಡಿತು. 2018ರಲ್ಲಿ ಪ್ರೋಗ್ರೆಸಿವ್ ಕಂಪನಿ ತನ್ನ ಹೆಸರನ್ನು ವೂಲ್‌ವರ್ತ್ಸ್ ನ್ಯೂಜಿಲೆಂಡ್ ಎಂದು ಬದಲಿಸಿಕೊಂಡಿತು. ಅಂಗಡಿ ಬೋರ್ಡು ಹಾಗೆಯೇ ಇದ್ದುದರಿಂದ ಹೆಚ್ಚಿನವರು ಅದನ್ನು ಗಮನಿಸಲಿಲ್ಲ.

2020ರ ಲಾಕ್‌ಡೌನಿನಲ್ಲಿ ತೆರೆದಿದ್ದ ಬಾಗಿಲುಗಳು ಕೆಲವೇ, ಸೂಪರ್‌ಮಾರ್ಕೆಟ್ ಅವುಗಳಲ್ಲೊಂದು. ಅಂತರ ಕಾಯ್ದುಕೊಂಡು ಸಾಲಿನಲ್ಲಿ ನಿಂತವರಿಗೆ ಈ ಅಂಗಡಿಗಳಿಲ್ಲದೆ ಬದುಕು ನಡೆಯದೆಂಬುದು ಮನದಟ್ಟಾಯಿತು. ಎರಡು ವರ್ಷ ಕಳೆದು, 2022ರ ಮಾರ್ಚಿನಲ್ಲಿ, ವಾಣಿಜ್ಯ ಆಯೋಗದ ಮಾರುಕಟ್ಟೆ ಅಧ್ಯಯನ ಹೊರಬಂತು. ದಿನಸಿ ವ್ಯಾಪಾರದಲ್ಲಿ ಸ್ಪರ್ಧೆ ಸರಿಯಾಗಿ ನಡೆಯುತ್ತಿಲ್ಲ, ದೊಡ್ಡ ಬಣಗಳು ನ್ಯಾಯವಾದ ಲಾಭಕ್ಕಿಂತ ವರ್ಷಕ್ಕೆ ಸುಮಾರು 43 ಕೋಟಿ ಡಾಲರ್ ಹೆಚ್ಚು ಗಳಿಸುತ್ತಿವೆ ಎಂದು ಅದು ಹೇಳಿತು. ದಿನಕ್ಕೆ ಹತ್ತು ಲಕ್ಷ ಡಾಲರ್‌ಗೂ ಮೀರಿದ ಈ ಲೆಕ್ಕ ಮನೆಮಾತಾಯಿತು. ಎದುರಾಳಿ ಬಂದು ಅಂಗಡಿ ಕಟ್ಟದಂತೆ ನಿವೇಶನಗಳ ಮೇಲೆ ಹೇರುತ್ತಿದ್ದ ಷರತ್ತುಗಳನ್ನು ಸರ್ಕಾರ ಅದೇ ವರ್ಷ ಕಾನೂನು ಮಾಡಿ ನಿಷೇಧಿಸಿತು.

ಹೆಸರು ಬದಲಾವಣೆಯ ಪ್ರಕಟಣೆ ಹೊರಬಿದ್ದದ್ದು ಇಂಥ ಹೊತ್ತಿನಲ್ಲಿ. 2023ರ ಆರಂಭದಲ್ಲಿ ಆಕ್ಲೆಂಡಿನಲ್ಲಿ ನೆರೆ ಬಂದಿತ್ತು. ಫೆಬ್ರವರಿಯಲ್ಲಿ ಗೇಬ್ರಿಯೆಲ್ ಚಂಡಮಾರುತ ಹಾಕ್ಸ್ ಬೇ ಪ್ರದೇಶದ ತೋಟಗಳನ್ನು ಕೊಚ್ಚಿಕೊಂಡು ಹೋಗಿತ್ತು. ವರ್ಷದ ನಡುವಿನ ಹೊತ್ತಿಗೆ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇ 12ಕ್ಕೂ ಹೆಚ್ಚು ಏರಿತ್ತು. ನ್ಯೂಜಿಲೆಂಡಿನಲ್ಲಿ ಆಹಾರಕ್ಕೂ ಶೇ 15ರ ಜಿಎಸ್‌ಟಿ ಇದೆ. ಹಣ್ಣು–ತರಕಾರಿಯ ಮೇಲಿನ ತೆರಿಗೆ ತೆಗೆಯುವುದು ಆ ವರ್ಷದ ಚುನಾವಣೆಯ ಭರವಸೆಗಳಲ್ಲೊಂದಾಯಿತು. ದಿನಸಿ ವ್ಯಾಪಾರದ ಮೇಲೆ ಕಣ್ಣಿಡಲು ಹೊಸ ಕಾಯ್ದೆಯಡಿ ಮೊದಲ ಆಯುಕ್ತರು ಅಧಿಕಾರ ವಹಿಸಿಕೊಂಡದ್ದೂ ಆ ಜುಲೈ ತಿಂಗಳಲ್ಲೇ. ಅದೇ ತಿಂಗಳು ಮೂರು ವರ್ಷಗಳಲ್ಲಿ 40 ಕೋಟಿ ನ್ಯೂಜಿಲೆಂಡ್ ಡಾಲರ್ ವೆಚ್ಚದ ಯೋಜನೆಯ ಭಾಗವಾಗಿ ಹೆಸರು ಬದಲಾಗುತ್ತದೆ ಎಂಬ ಸುದ್ದಿ ಬಂತು.

ಜನರ ಮೊದಲ ಮಾತು ದುಡ್ಡಿನದು. ಅಷ್ಟು ಹಣವಿದ್ದರೆ ಬೆಲೆ ಇಳಿಸಬಾರದಿತ್ತೇ ಎಂಬ ಪ್ರಶ್ನೆ ಎಲ್ಲೆಡೆ ಕೇಳಿಬಂತು. ಅದರಲ್ಲಿ ಬಹುಭಾಗ ಅಂಗಡಿಗಳ ನವೀಕರಣಕ್ಕೆ ಹೋಗುತ್ತದೆ, ಬೋರ್ಡಿನ ಪಾಲು ಅದರಲ್ಲಿ ಸಣ್ಣದು ಎಂದು ಕಂಪನಿ ವಿವರಿಸಿತು. ವಿವರಣೆ ಲೆಕ್ಕಕ್ಕೆ ಸರಿಯಿದ್ದಿರಬಹುದು. ಆದರೆ ಬೆಣ್ಣೆಯನ್ನು ಕೈಗೆತ್ತಿಕೊಂಡು ಬೆಲೆ ನೋಡಿ ಮತ್ತೆ ಕಪಾಟಿನಲ್ಲಿಟ್ಟು ಬರುವವರಿಗೆ ಎದ್ದು ಕಂಡದ್ದು 40 ಕೋಟಿ ಎಂಬ ಅಂಕಿ ಒಂದೇ. ಬೆಲೆಯ ಬಗ್ಗೆ ಬೇಸತ್ತ ಜನರಿಗೆ ಬೆರಳು ತೋರಿಸಿ ಮಾತಾಡಲು ಬೋರ್ಡು ಒಂದು ಗುರಿಯಾಗಿ ಒದಗಿತು. ಆ ಕೋಪವನ್ನು ಹೆಸರಿನ ಮೇಲಿನ ಹಟವೆಂದು ತಳ್ಳಿಹಾಕುವುದು ತಪ್ಪು.

ಎರಡನೆಯದು ನಾಡಿನ ಅಭಿಮಾನದ ಪ್ರಶ್ನೆ. ಕ್ರೈಸ್ಟ್‌ಚರ್ಚಿನಲ್ಲಿ ಹುಟ್ಟಿದ ಹೆಸರನ್ನು ಅಳಿಸಿ ಸಿಡ್ನಿಯ ಹೆಸರನ್ನು ಬರೆಯುತ್ತಾರೆ ಎಂಬ ಬೇಸರ ವ್ಯಕ್ತವಾಯಿತು. ವೂಲ್‌ವರ್ತ್ಸ್ ಹೆಸರು ಈ ನೆಲದಲ್ಲಿ 1929ರಿಂದಲೂ ಇದೆ ಎಂಬುದು ಕಂಪನಿಯ ಉತ್ತರ. ಅದೂ ನಿಜವೇ. ಅಜ್ಜಿಯರ ಕಾಲದವರಿಗೆ ಅದು ಎಳವೆಯ ಹೆಸರು. ವೂಲೀಸ್ ಎಂದು ಪ್ರೀತಿಯಿಂದ ಮೊಟಕುಗೊಳಿಸಿ ಕರೆಯುತ್ತಿದ್ದವರಲ್ಲಿ ಕೆಲವರಿಗೆ ಅದು ಮರಳಿ ಬಂದದ್ದು ಸಂತೋಷವೇ. 2009ರ ಮುಂಚಿನ ಬೋರ್ಡುಗಳ ನೆನಪೇ ಇಲ್ಲದ ಎಳೆಯರಿಗೆ ಮಾತ್ರ ಕೌಂಟ್‌ಡೌನ್ ಬಿಟ್ಟರೆ ಬೇರೆ ಹೆಸರು ಗೊತ್ತಿರಲಿಲ್ಲ. ಹೀಗೆ ಒಂದೇ ಮನೆಯಲ್ಲಿ ಒಬ್ಬರಿಗೆ ಹಳೆಯದಾದದ್ದು ಇನ್ನೊಬ್ಬರಿಗೆ ಪರದೇಶದ್ದಾಯಿತು.

ಏನು ಬೇಕಾದರೂ ಕರೆಯಲಿ, ಹಾಲಿನ ದರವೊಂದು ಇಳಿಯಲಿ ಎಂದವರೂ ಇದ್ದರು. ಹತ್ತಿರದಲ್ಲಿ ಇನ್ನೊಂದು ದೊಡ್ಡ ಅಂಗಡಿಯಿಲ್ಲದ ಊರುಗಳಲ್ಲಿ ಮೆಚ್ಚದಿದ್ದರೂ ಅಲ್ಲಿಗೇ ಹೋಗಬೇಕು. ಬೀದಿಯಲ್ಲಿ ಹತ್ತು ಅಂಗಡಿಗಳಿರುವಲ್ಲಿ ಹೆಸರು ಹಿಡಿಸದವನು ಪಕ್ಕದ ಅಂಗಡಿಗೆ ನಡೆದಾನು. ಎರಡೇ ಬಣಗಳಿರುವಲ್ಲಿ ಗಿರಾಕಿಯ ಅಸಮ್ಮತಿಗೆ ಮಾತಿನ ರೂಪ ಮಾತ್ರ ಉಳಿಯುತ್ತದೆ. ಗೊಣಗಾಟ ಅಷ್ಟು ಜೋರಾಗಿ ಕೇಳಿಸಿದ್ದಕ್ಕೆ ಇದೂ ಕಾರಣ.

2024ರ ಆರಂಭದಿಂದ ಬೋರ್ಡುಗಳು ಬದಲಾಗತೊಡಗಿದವು. ಹಸಿರು ಬಣ್ಣ ಹಾಗೆಯೇ ಉಳಿಯಿತು. ಫೆಬ್ರವರಿಯಲ್ಲಿ ಒನ್‌ಕಾರ್ಡ್ ಎಂಬ ಹಳೆಯ ಗಿರಾಕಿ ಕಾರ್ಡು ಕೊನೆಗೊಂಡು, ಆಸ್ಟ್ರೇಲಿಯಾದಲ್ಲಿ ಬಳಕೆಯಲ್ಲಿದ್ದ ಎವ್ರಿಡೇ ರಿವಾರ್ಡ್ಸ್ ಜಾರಿಗೆ ಬಂತು. 2024ರ ಡಿಸೆಂಬರಿನಲ್ಲಿ ವಾಣಿಜ್ಯ ಆಯೋಗ, ಕಪಾಟಿನ ಬೆಲೆಗೂ ಬಿಲ್ಲಿನ ಬೆಲೆಗೂ ತಾಳೆಯಾಗದಿರುವುದು ಮತ್ತು ದಾರಿತಪ್ಪಿಸುವ ರಿಯಾಯಿತಿಗಳ ಆರೋಪದ ಮೇಲೆ ವೂಲ್‌ವರ್ತ್ಸ್ ನ್ಯೂಜಿಲೆಂಡ್ ಹಾಗೂ ಎರಡು ಪಾಕ್ ಎನ್ ಸೇವ್ ಅಂಗಡಿಗಳ ವಿರುದ್ಧ ಕ್ರಿಮಿನಲ್ ಮೊಕದ್ದಮೆ ಹೂಡುವುದಾಗಿ ಪ್ರಕಟಿಸಿತು. ಗಿರಾಕಿಗಳು ಒಂದೂವರೆ ವರ್ಷದ ಹಿಂದೆ ಬೋರ್ಡಿನ ನೆಪದಲ್ಲಿ ಎತ್ತಿದ್ದ ಬೆಲೆಯ ಮಾತು ಈ ಸಲ ಬೆಲೆಚೀಟಿಯ ಹೆಸರಿನಲ್ಲೇ ಬಂದಿತ್ತು.