ಮೈದಾನದ ಬೀಗದ ಕೈ ಯಾರ ಬಳಿ?

ಡಾನ್‌ಕಾಸ್ಟರ್ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಊರು. ಒಂದು ಕಾಲಕ್ಕೆ ಕಲ್ಲಿದ್ದಲು ಅಗೆಯುತ್ತಿದ್ದವರ, ರೈಲು ಎಂಜಿನ್ ಕಟ್ಟುತ್ತಿದ್ದವರ ಊರು. ಅಲ್ಲಿನ ಬೆಲ್ ವ್ಯೂ ಮೈದಾನದಲ್ಲಿ ಗಂಡಸರ ಫುಟ್‌ಬಾಲ್ ನೋಡಲು ಬಂದವರಿಗೆ ಲಾಟರಿ ಚೀಟಿ ಮಾರುತ್ತಿದ್ದ ಹುಡುಗಿಯರು 1969ರಲ್ಲಿ ತಾವೇ ಒಂದು ತಂಡ ಕಟ್ಟಿದರು. ಅದೇ ಮುಂದೆ ಡಾನ್‌ಕಾಸ್ಟರ್ ಬೆಲ್ಸ್ ಆಯಿತು.

ಆಗ ಅದು ಸಣ್ಣ ಮಾತಲ್ಲ. ಯಾಕೆ ಅಂದ್ರೆ, ಹೆಂಗಸರಿಗೆ ಮೈದಾನದ ಬಾಗಿಲು ಮುಚ್ಚಿ ಅರ್ಧ ಶತಮಾನವಾಗುತ್ತ ಬಂದಿತ್ತು. ಪ್ರೆಸ್ಟನ್ ಊರಿನ ಡಿಕ್ ಕೆರ್ ಕಾರ್ಖಾನೆಯ ಹೆಣ್ಣಾಳುಗಳು ಮೊದಲ ಮಹಾಯುದ್ಧದ ಕಾಲಕ್ಕೆ ಮದ್ದುಗುಂಡು ಮಾಡುತ್ತಲೇ ಚೆಂಡು ಒದೆಯಲು ಕಲಿತವರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ಅವರ ಆಟ ನೋಡಲು ಸುಮಾರು 53,000 ಜನ ಸೇರಿದರು. ಒಂದೇ ವರ್ಷ. 1921ರ ಡಿಸೆಂಬರ್ 5ರಂದು ಫುಟ್‌ಬಾಲ್ ಅಸೋಸಿಯೇಷನ್ ಎಂಬ ಗಂಡಸರ ಸಭೆ ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ಠರಾವು ಮಾಡಿತು. ತನ್ನ ಕ್ಲಬ್‌ಗಳು ಅವರಿಗೆ ಮೈದಾನ ಕೊಡಕೂಡದೆಂದಿತು. ಆಡಬೇಡಿ ಅನ್ನಲಿಲ್ಲ, ಜಾಗಕ್ಕೆ ಬೀಗ ಹಾಕಿದರು ಅಷ್ಟೆ. ಬಾಯಾರಿಕೆಯನ್ನು ಯಾರೂ ನಿಷೇಧಿಸದೆ ಬಾವಿಯನ್ನು ಮಾತ್ರ ನಿಷೇಧಿಸಿದ್ದನ್ನು ಕಂಡ ನಮಗೆ ಈ ಜಾಣತನ ಹೊಸದೇನಲ್ಲ. 1970ರ ದಶಕದ ಆರಂಭದಲ್ಲಷ್ಟೇ ಆ ಬೀಗ ತೆಗೆಯಿತು.

ಬೆಲ್ಸ್ ಹುಡುಗಿಯರು 1983ರಿಂದ 1994ರೊಳಗೆ ಆರು ಸಲ ದೇಶದ ಕಪ್ ಗೆದ್ದರು. 1984-85ರ ಗಣಿ ಮುಷ್ಕರ ಸೋತು, ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು. 1991ರಲ್ಲಿ ಹೆಂಗಸರ ರಾಷ್ಟ್ರೀಯ ಲೀಗ್ ಶುರುವಾದಾಗ ಮೊದಲ ವರ್ಷದ 14 ಪಂದ್ಯಗಳನ್ನೂ ಗೆದ್ದರು. ಸಂಬಳವಿಲ್ಲ. ಆ ತಂಡದ ಗಿಲ್ ಕೌಲ್ಟಾರ್ಡ್ ಕಾರ್ಖಾನೆಯಲ್ಲಿ ದುಡಿಯುತ್ತಲೇ ಇಂಗ್ಲೆಂಡಿಗೆ 119 ಪಂದ್ಯ ಆಡಿದಾಕೆ. ನೂರು ಪಂದ್ಯ ಮುಟ್ಟಿದ ಆ ದೇಶದ ಮೊದಲ ಹೆಣ್ಣು.

2011ರಲ್ಲಿ ಎಂಟು ತಂಡಗಳ ಹೊಸ ಲೀಗ್ ಬಂತು. ಬೆಲ್ಸ್ ಅದರಲ್ಲೊಂದು. 2013ರ ಏಪ್ರಿಲ್‌ನಲ್ಲಿ, ಬೆಲ್ಸ್ ಆ ವರ್ಷದ ಒಂದೇ ಪಂದ್ಯ ಆಡಿ ಮುಗಿಸಿದ್ದಾಗ, ಅದೇ ಅಸೋಸಿಯೇಷನ್ ತೀರ್ಪು ಕೊಟ್ಟಿತು: ಮುಂದಿನ ವರ್ಷ ನೀವು ಎರಡನೇ ದರ್ಜೆಗೆ. ಮೇಲಿನ ದರ್ಜೆಗೆ ಬಂದದ್ದು ಅಬುಧಾಬಿಯ ದುಡ್ಡಿನ ಮ್ಯಾಂಚೆಸ್ಟರ್ ಸಿಟಿ. ಹಣಕಾಸು, ಸೌಲಭ್ಯ, ಆಡಳಿತ ಇವೇ ಅಳತೆಗೋಲು ಅಂದ್ರು. ಮೇಲ್ಮನವಿ ಬಿದ್ದುಹೋಯಿತು. ಆ ವರ್ಷ ಬೆಲ್ಸ್ ಕೊನೆಗೆ ಎಂಟನೆಯವರಾದರು, ನಿಜ. ಆದರೆ ಪೈರು ಕೊಯ್ಯುವ ಮುಂಚೆಯೇ ಹೊಲ ಬಿಡಿಸಿದವರು ಆಮೇಲೆ ಇಳುವರಿಯ ಮಾತಾಡಬಾರದು.

ಹುಡುಗಿಯರು ಆಡಿಯೇ 2016ಕ್ಕೆ ಮತ್ತೆ ಮೇಲೆ ಬಂದರು, ಮತ್ತೆ ಇಳಿದರು. 2018ರಲ್ಲಿ ಎರಡನೇ ದರ್ಜೆ ಗೆದ್ದರು. ಗೆದ್ದ ವರ್ಷವೇ ದುಡ್ಡಿಲ್ಲದೆ ಮೇಲಿನ ಎರಡೂ ದರ್ಜೆಗಳಿಂದ ಹೊರಬಿದ್ದರು.

ಇಂದು ಅಲ್ಲಿ ದೊಡ್ಡ ಕ್ಲಬ್‌ಗಳು ಆಡುವ ಹೆಣ್ಣುಮಕ್ಕಳಿಗೆ ಸಂಬಳ ಕೊಡುತ್ತಿವೆ. ಅದು ಅವರ ದುಡಿಮೆಯ ಹಕ್ಕು, ನಮಗೂ ಸಂತೋಷವೇ. ಆದರೆ 1921ರಲ್ಲಿ ಹೆಣ್ಣಿನ ಮೈ ನೋಡಿ ಬಾಗಿಲು ಹಾಕಿದವರು 2013ರಲ್ಲಿ ಗಂಟು ನೋಡಿ ಬಾಗಿಲು ತೆಗೆದರು. ಎರಡು ಸಲವೂ ಬೀಗದ ಕೈ ಇದ್ದದ್ದು ಅದೇ ಸಭೆಯ ಬಳಿ. ಒಳಗೆ ಬಿಟ್ಟರಲ್ಲ ಎಂದು ಕೈಮುಗಿದು ಕೂತರೆ ಸಾಲದು ಗೆಳೆಯರೇ, ಆ ಬೀಗದ ಕೈಯಲ್ಲೇ ಪಾಲು ಕೇಳಬೇಕು.