ಪ್ರೊಫೆಸರ್ ಮನೆಯಿಂದ ಬಂದ ಆಕಾಶವಾಣಿ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ದೀರಿ ಅಂದ್ಕೋತೀನಿ. ಇವತ್ತು ಮೈಸೂರಿಗೆ ಹೋಗೋಣ.

ಯಾವುದೇ ವಿಶ್ವವಿದ್ಯಾನಿಲಯದ ಸಾಧನೆ ಅಂತ ಹುಡುಕಿದ್ರೆ ನಮಗೆ ಸಿಗೋದು ಹೆಸರುಗಳ ಪಟ್ಟಿ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯದ ಪಟ್ಟಿಯಂತೂ ಬಹಳ ಉದ್ದ. ಕುವೆಂಪು, ಆರ್.ಕೆ. ನಾರಾಯಣ್, ಎಂ.ಎನ್. ಶ್ರೀನಿವಾಸ್, ಅನಂತಮೂರ್ತಿ, ಸಿ.ಎನ್.ಆರ್. ರಾವ್, ನಾರಾಯಣ ಮೂರ್ತಿ. ಪಾಠ ಮಾಡಿದವರಲ್ಲಿ ರಾಧಾಕೃಷ್ಣನ್ ಇದ್ದಾರೆ. ಅವರು ಕಲ್ಕತ್ತಾಗೆ ಹೊರಟಾಗ ಹುಡುಗರೇ ಸಾರೋಟು ಎಳ್ಕೊಂಡು ರೈಲ್ವೆ ಸ್ಟೇಷನ್‌ಗೆ ಬಿಟ್ಟು ಬಂದ ಕತೆ ನಮಗೆಲ್ಲ ಸ್ಕೂಲಲ್ಲೇ ಗೊತ್ತು. ಈ ಪಟ್ಟಿಯಲ್ಲಿ ಕೆಳಗೆಲ್ಲೋ, ಒಮ್ಮೊಮ್ಮೆ ಇರೋದೇ ಇಲ್ಲ, ಒಬ್ಬ ಮೇಷ್ಟ್ರ ಹೆಸರಿದೆ. ಎಂ.ವಿ. ಗೋಪಾಲಸ್ವಾಮಿ. ಇವತ್ತಿನ ಎಪಿಸೋಡ್ ಅವರದ್ದು.

ಗೋಪಾಲಸ್ವಾಮಿ ಮನಶ್ಶಾಸ್ತ್ರದ ಅಧ್ಯಾಪಕರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಹತ್ರ ಓದಿ ಬಂದವರು. ಬುದ್ಧಿಶಕ್ತಿಯನ್ನ ಅಳೆಯೋದು ಹೇಗೆ ಅಂತ ಜಗತ್ತೇ ತಲೆ ಕೆಡಿಸ್ಕೊಂಡಿದ್ದ ಕಾಲದಲ್ಲಿ ಆ ಕ್ಷೇತ್ರದ ದೊಡ್ಡ ಹೆಸರು ಸ್ಪಿಯರ್‌ಮನ್. ಆಗ ಭಾರತದಲ್ಲಿ ಮನಶ್ಶಾಸ್ತ್ರಕ್ಕೆ ಅಂತ ಪ್ರತ್ಯೇಕ ವಿಭಾಗ ಇದ್ದಿದ್ದು ಕಲ್ಕತ್ತಾದಲ್ಲಿ ಮಾತ್ರ. ಎರಡನೇದು 1924ರಲ್ಲಿ ಮೈಸೂರಿನಲ್ಲಿ, ಗೋಪಾಲಸ್ವಾಮಿ ಕೈಯಲ್ಲಿ ಶುರುವಾಯ್ತು. ಕುಲಪತಿ ಬ್ರಜೇಂದ್ರನಾಥ ಸೀಲ್. ಅವರೂ ಬಂಗಾಳದಿಂದ ಬಂದವರೇ.

ಈಗ 1935ರ ಸೆಪ್ಟೆಂಬರ್ 10ಕ್ಕೆ ಬನ್ನಿ. ಮೈಸೂರಿನಲ್ಲಿ ಗೋಪಾಲಸ್ವಾಮಿಯವರ ಮನೆ, ಹೆಸರು ವಿಠ್ಠಲ ವಿಹಾರ. ಮನೆಯೊಳಗೆ ಒಂದು ಟ್ರಾನ್ಸ್‌ಮಿಟರ್. ಅದರ ಶಕ್ತಿ 30 ವ್ಯಾಟ್. ನಿಮ್ಮ ಬ್ಯಾಗಲ್ಲಿರೋ ಫಾಸ್ಟ್ ಚಾರ್ಜರ್ ತೆಗೆದು ನೋಡಿ, ಅದರ ಮೇಲೆ 33 ಅಂತಲೋ 67 ಅಂತಲೋ ಬರೆದಿರುತ್ತೆ. ಅದಕ್ಕಿಂತ ಕಮ್ಮಿ ಶಕ್ತಿಯಲ್ಲಿ ಒಂದು ರೇಡಿಯೋ ಕೇಂದ್ರ ಶುರುವಾಯ್ತು. ನಡೆಸ್ತಾ ಇರೋದು ಸರಕಾರ ಅಲ್ಲ, ಕಂಪನಿಯೂ ಅಲ್ಲ. ಬೆಳಗ್ಗೆ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡೋ ಒಬ್ಬ ಮೇಷ್ಟ್ರು.

ನಾನು ಬಿ.ಕಾಂ. ಓದಿದವನು, ಹಾಗಾಗಿ ಇಂಥ ಕತೆ ಕೇಳಿದ ಕೂಡಲೇ ಮೊದಲು ಬರೋ ಪ್ರಶ್ನೆ: ಇದಕ್ಕೆ ದುಡ್ಡು ಎಲ್ಲಿಂದ? ಆ ಪ್ರಶ್ನೆ ಇಟ್ಕೊಂಡು ಸ್ವಲ್ಪ ಹಿಂದೆ ಹೋದ್ರೆ ಗೋಪಾಲಸ್ವಾಮಿ ಮಾಡಿದ್ದು ಎಂಥ ಧೈರ್ಯದ ಕೆಲಸ ಅಂತ ಅರ್ಥ ಆಗುತ್ತೆ. ಎಂಟು ವರ್ಷ ಮೊದಲು, 1927ರಲ್ಲಿ, ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಅನ್ನೋ ಖಾಸಗಿ ಕಂಪನಿ ಬಾಂಬೆ ಮತ್ತು ಕಲ್ಕತ್ತಾದಲ್ಲಿ ಎರಡು ಕೇಂದ್ರ ತೆರೆದಿತ್ತು. ಒಂದೊಂದರ ಶಕ್ತಿ ಒಂದೂವರೆ ಕಿಲೋವ್ಯಾಟ್, ಅಂದ್ರೆ ಮೈಸೂರಿನದ್ದಕ್ಕಿಂತ 50 ಪಟ್ಟು. ಕೇಳುಗರು ವರ್ಷಕ್ಕೆ 10 ರೂಪಾಯಿ ಲೈಸೆನ್ಸ್ ಶುಲ್ಕ ಕಟ್ಟಬೇಕು, ಅದರಲ್ಲಿ ಶೇಕಡಾ 80 ಕಂಪನಿಗೆ. ಪೇಪರ್ ಮೇಲೆ ಚೆನ್ನಾಗೇ ಕಾಣೋ ಲೆಕ್ಕ. ಆದ್ರೆ ರೇಡಿಯೋ ಸೆಟ್ಟೇ ದುಬಾರಿ. ಸೆಟ್ ಇಲ್ಲ ಅಂದ್ರೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲ ಅಂದ್ರೆ ಆದಾಯ ಇಲ್ಲ. 1930ರಲ್ಲಿ ಕಂಪನಿ ಬಾಗಿಲು ಹಾಕ್ತು, ಕೇಂದ್ರಗಳನ್ನ ಬ್ರಿಟಿಷ್ ಸರಕಾರವೇ ತಗೊಂಡು ನಡೆಸಬೇಕಾಯ್ತು.

ಎರಡು ಮಹಾನಗರಗಳಲ್ಲಿ, ಷೇರು ಬಂಡವಾಳ ಇದ್ದ ಕಂಪನಿಯೇ ಮುಳುಗಿಹೋದ ಬಿಸಿನೆಸ್ ಅದು. ಅದನ್ನ ಐದು ವರ್ಷ ಆದ್ಮೇಲೆ ಒಬ್ಬ ಮೇಷ್ಟ್ರು ಮನೆಯಲ್ಲಿ ಶುರು ಮಾಡ್ತಾರೆ. ಲಾಭಕ್ಕಲ್ಲ ಅನ್ನೋದು ಸ್ಪಷ್ಟ. ನನ್ನ ಪಾಡ್‌ಕಾಸ್ಟ್‌ನ ಲೆಕ್ಕದ ಪುಸ್ತಕದಲ್ಲೂ ಖರ್ಚಿನ ಕಾಲಂ ಮಾತ್ರ ತುಂಬಿರೋದು. ಆದ್ರೆ ನನ್ನ ಖರ್ಚು ಅಂದ್ರೆ ಒಂದು ಮೈಕು, ತಿಂಗಳ ಡೇಟಾ ಪ್ಯಾಕು. ಅವರದ್ದು ವಾಲ್ವು, ಏರಿಯಲ್ಲು, ಕರೆಂಟು, ಜೊತೆಗೆ ದಿನವೂ ಮನೆಗೆ ಬರೋ ಕಲಾವಿದರು.

ಮತ್ತೆ ಯಾಕೆ ಮಾಡಿದ್ರು? ಉತ್ತರಕ್ಕೆ ಆ ಕ್ಯಾಂಪಸ್ಸಿನ ಗಾಳಿ ಹೇಗಿತ್ತು ಅಂತ ನೋಡಬೇಕು. ಇದೇ ವಿಶ್ವವಿದ್ಯಾನಿಲಯದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿ 'ಪ್ರಬುದ್ಧ ಕರ್ನಾಟಕ' ಅನ್ನೋ ಪತ್ರಿಕೆ ತಂದಿದ್ರು. ಇಂಗ್ಲಿಷ್ ಪ್ರೊಫೆಸರ್ ಬಿ.ಎಂ. ಶ್ರೀಕಂಠಯ್ಯ ಊರೂರಿಗೆ ಹೋಗಿ ಕನ್ನಡದ ಬಗ್ಗೆ ಭಾಷಣ ಮಾಡ್ತಿದ್ರು. 1927ರಲ್ಲಿ ಕನ್ನಡ ಎಂ.ಎ. ಶುರುವಾಯ್ತು, ಮೊದಲ ತಂಡದಲ್ಲೇ ಕುವೆಂಪು ಇದ್ರು. (ಕನ್ನಡ ಎಂ.ಎ. ಮಾಡಿದ್ರೆ ಕೆಲಸ ಏನ್ ಸಿಗುತ್ತೆ ಅಂತ ಆಗಲೂ ಯಾರೋ ನೆಂಟರು ಕೇಳಿರ್ತಾರೆ, ಅದ್ರಲ್ಲಿ ನನಗೆ ಅನುಮಾನವೇ ಇಲ್ಲ.) 1933ರಲ್ಲಿ ವಿಶ್ವವಿದ್ಯಾನಿಲಯ ತನ್ನದೇ ಪ್ರಕಟಣೆಯ ಕೆಲಸ ಶುರು ಮಾಡ್ತು, ಮುಂದೆ ಅದನ್ನೇ ನಾವು ಪ್ರಸಾರಾಂಗ ಅಂತ ಕರೆದಿದ್ದು. ಕ್ಲಾಸಿನಲ್ಲಿ ಹೇಳೋದನ್ನ ಕಾಂಪೌಂಡಿನ ಆಚೆ ಇರೋರಿಗೂ ಹೇಳಬೇಕು ಅನ್ನೋ ಹಟ ಆ ತಲೆಮಾರಿನ ಮೇಷ್ಟ್ರುಗಳಿಗೆಲ್ಲ ಇತ್ತು. ಕೆಲವರು ಅದಕ್ಕೆ ಅಚ್ಚಿನ ಮೊಳೆ ಹಿಡಿದ್ರು, ಗೋಪಾಲಸ್ವಾಮಿ ಟ್ರಾನ್ಸ್‌ಮಿಟರ್ ಹಿಡಿದ್ರು.

ಆಚೆ ಇದ್ದೋರು ಎಷ್ಟು ಜನ ಗೊತ್ತಾ? 1931ರ ಜನಗಣತಿ ಪ್ರಕಾರ ಈ ದೇಶದಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಓದು ಬರಹ ಬರ್ತಿರಲಿಲ್ಲ. ಪುಸ್ತಕ ಎಷ್ಟು ಅಚ್ಚು ಹಾಕಿದ್ರೂ ಅವರಿಗೆ ತಲುಪಲ್ಲ, ಧ್ವನಿ ತಲುಪಬಹುದು. ಹಾಗಂತ ಇದನ್ನ ಉಬ್ಬಿಸಿ ಹೇಳೋಕೆ ಹೋಗಲ್ಲ. 30 ವ್ಯಾಟಿನ ಧ್ವನಿ ಊರು ದಾಟಿ ಎಷ್ಟು ದೂರ ಹೋದೀತು? ಸೆಟ್ ಇದ್ದಿದ್ದು ಅನುಕೂಲಸ್ಥರ ಮನೆಯಲ್ಲೇ. ಹಳ್ಳಿಗೆ ರೇಡಿಯೋ ಬರೋಕೆ ಇನ್ನೂ ಬಹಳ ವರ್ಷ ಬೇಕಾಯ್ತು. ಆದ್ರೂ ದಾರಿ ಅಂತ ಒಂದು ಬಿತ್ತು. ಆಮೇಲೆ ಟ್ರಾನ್ಸ್‌ಮಿಟರ್ 250 ವ್ಯಾಟಿಗೆ ಏರ್ತು.

ಈಗ ಹೆಸರಿನ ವಿಷಯ. ಕೇಂದ್ರಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಇದನ್ನ ಸೂಚಿಸಿದವರು ನಾ. ಕಸ್ತೂರಿ ಅಂತ ಹೇಳ್ತಾರೆ. ಇದೇ ವಿಶ್ವವಿದ್ಯಾನಿಲಯದಲ್ಲಿ ಚರಿತ್ರೆ ಪಾಠ ಮಾಡ್ತಿದ್ದವರು, ಮನೆಮಾತು ಮಲಯಾಳಂ, ಬರೆದಿದ್ದು ಕನ್ನಡದಲ್ಲಿ ಹಾಸ್ಯ. ಪದಗಳಿಗೆ ತಲೆಕೆಳಗು ಅರ್ಥ ಕೊಡೋ 'ಅನರ್ಥಕೋಶ' ಅವರದ್ದೇ. ಅನರ್ಥಕೋಶ ಬರೆದ ಕೈ ಇಷ್ಟು ಅರ್ಥವತ್ತಾದ ಹೆಸರು ಕೊಟ್ಟಿತು ನೋಡಿ! ದೇವಕಿಯ ಮದುವೆ ದಿಬ್ಬಣದಲ್ಲಿ ಕಂಸನಿಗೆ ಕೇಳಿಸಿದ ಅಶರೀರವಾಣಿಯ ಕತೆ ಗೊತ್ತಿದ್ದ ಯಾವ ಅಜ್ಜಿಗೂ ಈ ಪದವನ್ನ ಬಿಡಿಸಿ ಹೇಳಬೇಕಾಗಿರಲಿಲ್ಲ. ಠಾಗೋರರ ಹೆಸರೂ ಈ ಪದದ ಜೊತೆ ಕೇಳಿಬರುತ್ತೆ. ಆದ್ರೆ ಮೈಸೂರಿನ ಕೇಂದ್ರ ಶುರುವಾದಾಗ 'ಆಲ್ ಇಂಡಿಯಾ ರೇಡಿಯೋ' ಅನ್ನೋ ಹೆಸರೇ ಹುಟ್ಟಿರಲಿಲ್ಲ. ಅದು ಬಂದಿದ್ದು 1936ರ ಜೂನ್‌ನಲ್ಲಿ.

1940ರ ದಶಕದ ಶುರುವಿನಲ್ಲಿ ಮೈಸೂರು ಸಂಸ್ಥಾನವೇ ಕೇಂದ್ರವನ್ನ ವಹಿಸ್ಕೊಳ್ತು. ಮೇಷ್ಟ್ರ ಜೇಬಿಗೆ ಅಷ್ಟರಮಟ್ಟಿಗೆ ನೆಮ್ಮದಿ. ಗಣರಾಜ್ಯ ಆದ್ಮೇಲೆ ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿಹೋಯ್ತು. 1955ರಲ್ಲಿ ಕೇಂದ್ರವನ್ನ ಬೆಂಗಳೂರಿಗೆ ತಗೊಂಡು ಹೋದ್ರು. ಅದೇ ದಶಕದಲ್ಲಿ ಮೈಸೂರಿನ ಹೆಸರು ಇಡೀ ದೇಶದ ರೇಡಿಯೋದ ಹೆಸರಾಯ್ತು. ಅಂದ್ರೆ ಹೆಸರು ದೆಹಲಿಗೆ, ಕೇಂದ್ರ ಬೆಂಗಳೂರಿಗೆ. ಮೈಸೂರಿಗೆ ತನ್ನದೇ ಆಕಾಶವಾಣಿ ಮತ್ತೆ ಸಿಗೋಕೆ 1974ರವರೆಗೆ ಕಾಯಬೇಕಾಯ್ತು, ಹತ್ತಿರ ಹತ್ತಿರ 20 ವರ್ಷ. ರಾಜಧಾನಿಗೆ ದೊಡ್ಡ ಕೇಂದ್ರ ಬೇಕಿತ್ತು, ಒಪ್ಪೋಣ. ಅದಕ್ಕೆ ಮೈಸೂರಿನ ಧ್ವನಿ ನಿಲ್ಲಿಸಲೇಬೇಕಿತ್ತಾ? ನನಗಂತೂ ಅದು ಅನ್ಯಾಯ ಅಂತಲೇ ಅನ್ಸುತ್ತೆ.

ಗೋಪಾಲಸ್ವಾಮಿ ಬರೀ ರೇಡಿಯೋ ಮೇಷ್ಟ್ರು ಅಂದ್ಕೋಬೇಡಿ. ಅವರು ಕಟ್ಟಿದ ಮನಶ್ಶಾಸ್ತ್ರದ ಪಾಠ ಕನ್ನಡಿಗರ ಮನೆಗೆ ಇನ್ನೊಂದು ದಾರಿಯಿಂದಲೂ ಬಂತು. 1940ರ ದಶಕದಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಬಿ.ಎ. ಮಾಡಿದ ಒಬ್ಬ ಹುಡುಗಿ ಆಮೇಲೆ ತ್ರಿವೇಣಿ ಅನ್ನೋ ಹೆಸರಲ್ಲಿ ಕಾದಂಬರಿ ಬರೆದ್ರು. 'ಶರಪಂಜರ' ಅವರದ್ದೇ. ಹೆರಿಗೆ ಆದ್ಮೇಲೆ ಮನಸ್ಸು ಕೆಟ್ಟ ಹೆಂಗಸು, ವಾಸಿಯಾಗಿ ಮನೆಗೆ ಬಂದ್ಮೇಲೂ ಹುಚ್ಚಿ ಅಂತಲೇ ನೋಡೋ ಜನ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನ ಸಿನಿಮಾ ಮಾಡಿದ್ರು, ಕಲ್ಪನಾ ಅಭಿನಯವನ್ನ ನಿಮ್ಮ ಅಮ್ಮ ಇವತ್ತಿಗೂ ನೆನೆಸ್ಕೊಳ್ತಾರೆ. ಮಾನಸಿಕ ಆರೋಗ್ಯದ ಬಗ್ಗೆ ನಾವು ರೀಲ್ಸ್ ನೋಡಿ ಕಲಿತಿರೋದನ್ನ ಕನ್ನಡದ ಓದುಗರಿಗೆ ಅಷ್ಟು ಹಿಂದೆ ಹೇಳಿದ್ದು ಆ ಕ್ಲಾಸ್‌ರೂಮಿಂದ ಎದ್ದು ಬಂದ ಹೆಣ್ಣುಮಗಳು. ತ್ರಿವೇಣಿ 1963ರಲ್ಲೇ ತೀರಿಕೊಂಡ್ರು, ಆಗ ಇನ್ನೂ ಮೂವತ್ತರ ಆಸುಪಾಸು. ಅವರ ಬಗ್ಗೆ ಒಂದು ಪೂರ್ತಿ ಎಪಿಸೋಡ್ ಮಾಡೋದು ಬಾಕಿ ಇದೆ.

ಕೊನೇದಾಗಿ ಒಂದು ಸುದ್ದಿ. 2023ರ ಮೇನಲ್ಲಿ ಪ್ರಸಾರ ಭಾರತಿ ಒಂದು ಆದೇಶ ಹೊರಡಿಸ್ತು. ಇನ್ಮೇಲೆ ಇಂಗ್ಲಿಷ್ ಪ್ರಸಾರದಲ್ಲೂ 'ಆಲ್ ಇಂಡಿಯಾ ರೇಡಿಯೋ' ಅನ್ನೋ ಹಾಗಿಲ್ಲ, ಎಲ್ಲ ಕಡೆ 'ಆಕಾಶವಾಣಿ' ಅಂತಲೇ ಹೇಳಬೇಕು ಅಂತ. ಈಗ ದೇಶದ ಯಾವ ಮೂಲೆಯ ಅನೌನ್ಸರ್ ಬಾಯಿ ತೆರೆದ್ರೂ ಮೊದಲು ಬರೋದು ವಿಠ್ಠಲ ವಿಹಾರದ ಆ ಹೆಸರು.